ನಾಗರಹಾವನ್ನು ಸ್ಟೇಜಿನಿಂದ ಇಳಿಸೋಣ

ರಾಸ್ ಲಫಾನ್‌ನಲ್ಲಿ ದುಡಿದು ಅಲ್ ಖೋರ್‌ನಲ್ಲಿ ಮನೆ ಮಾಡಿರುವ ನಮ್ಮ ಮೂರು ವರ್ಷದ ಮಕ್ಕಳು ಪಂಜೆ ಮಂಗೇಶರಾಯರ ‘ನಾಗರ ಹಾವೆ’ಯನ್ನು ಕೈಕಟ್ಟಿ ನಿಂತು ಒಪ್ಪಿಸುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ತಪ್ಪು ನಮ್ಮದೇ. ಪಂಜೆಯವರು (1874–1937) ಮೇಷ್ಟರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ಮಕ್ಕಳನ್ನು ಬಲ್ಲವರು. ಪ್ರತಿ ನುಡಿಯ ಕೊನೆಗೆ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದಲ್ಲ, ಅದು ಬಾಯಿಪಾಠಕ್ಕಲ್ಲ, ಆಟಕ್ಕೆ: ‘ಬಾ’ ಎಂದು ಕೈಬೀಸಿ ಕರೆಯಬೇಕು, ‘ತಾ’ ಎಂದು ಅಂಗೈ ಚಾಚಬೇಕು, ‘ಪೋ’ ಎಂದು ಓಡಿಸಬೇಕು. ‘ಠಾವು’, ‘ರನ್ನ’ ನಮ್ಮ ಮಕ್ಕಳಿಗೆ ಕಷ್ಟ, ನಿಜ. (ನಮ್ಮಲ್ಲಿ ಎಷ್ಟು ಜನ ಮನೆಯಲ್ಲಿ ‘ಠಾವು’ ಅನ್ನುತ್ತೇವೆ?) ಆಡುತ್ತಾ ಆಡುತ್ತಾ ಅರ್ಥ ತಾನೇ ಹತ್ತುತ್ತದೆ. ಮುಂದಿನ ಶುಕ್ರವಾರದ ತರಗತಿಯಲ್ಲಿ ಒಂದು ಮಗು ಹಾವಾಗಲಿ, ಅಮ್ಮನ ದುಪಟ್ಟಾ ಹೆಡೆಯಾಗಲಿ, ಉಳಿದವರು ಸುತ್ತ ಕೂರಲಿ. ಮೈಕು ಬೇಡ.