ಜೋಡಿ ಕಟ್ಟುವ ವಿವೇಕ

ಮಲ್ಲನನ್ನೂ ಓಟಗಾರನನ್ನೂ, ಈಜುಗಾರನನ್ನೂ ಬ್ಯಾಟು ಹಿಡಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಇವರೆಲ್ಲರ ಪೈಕಿ ಸರ್ವಕಾಲಕ್ಕೂ ಶ್ರೇಷ್ಠನಾದವನು ಯಾರೆಂದು ನಿರ್ಣಯಿಸಿ, ಒಂದು ಎರಡು ಮೂರು ಎಂದು ಅಂಕೆ ಹಾಕುವ ಪದ್ಧತಿಯು ಕಳೆದ ಶತಮಾನದ ಕೊನೆಯಲ್ಲಿ ಲೋಕದ ಪತ್ರಿಕೆಗಳಿಗೂ ವಾಹಿನಿಗಳಿಗೂ ಒಂದು ಮಹೋತ್ಸವವಾಗಿ ಪರಿಣಮಿಸಿ, ಈಗ ನಮ್ಮ ನಾಡಿನ ಕ್ರೀಡಾಪ್ರಿಯರ ನಿತ್ಯದ ಚರ್ಚೆಯಾಗಿ ನೆಲೆಸಿದೆ. 1999ರಲ್ಲಿ ಅಮೆರಿಕದ ಇಎಸ್‌ಪಿಎನ್ ವಾಹಿನಿಯು ಉತ್ತರ ಅಮೆರಿಕದ ಶತಮಾನದ ಕ್ರೀಡಾಪಟುಗಳನ್ನು ಆರಿಸಿ ಬಾಸ್ಕೆಟ್‌ಬಾಲ್ ಆಟಗಾರ ಮೈಕೇಲ್ ಜೋರ್ಡನ್‌ಗೆ ಅಗ್ರಸ್ಥಾನ ಕೊಟ್ಟಿತು. ಅದೇ ವರ್ಷ ಬ್ರಿಟನ್ನಿನ ಬಿಬಿಸಿಯು ಮುಷ್ಟಿಯೋಧ ಮಹಮ್ಮದ್ ಅಲಿಯನ್ನು ಶತಮಾನದ ಕ್ರೀಡಾವ್ಯಕ್ತಿಯೆಂದು ಸಾರಿತು. ಅಮೆರಿಕದ ಆ ಪಟ್ಟಿಯ 35ನೆಯ ಸ್ಥಾನದಲ್ಲಿದ್ದದ್ದು ಮನುಷ್ಯನಲ್ಲ, ಸೆಕ್ರೆಟೇರಿಯಟ್ ಎಂಬ ಪಂದ್ಯದ ಕುದುರೆ. ಕುದುರೆಯ ವೇಗವನ್ನು ಗೌರವಿಸಲು ನನಗೆ ಅಡ್ಡಿಯಿಲ್ಲ. ಆದರೆ ಅದರ ಹಿಂದಿನ ಮತ್ತು ಮುಂದಿನ ಸ್ಥಾನಗಳಲ್ಲಿ ನಿಂತ ಮನುಷ್ಯರೊಡನೆ ಅದನ್ನು ಯಾವ ಅಳತೆಯಿಂದ ತೂಗಿದರೆಂದು ಕೇಳಿದರೆ ಉತ್ತರ ದೊರೆಯುವುದಿಲ್ಲ. ಶ್ರೇಷ್ಠರನ್ನು ಗುರುತಿಸಹೊರಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ತಾರತಮ್ಯಜ್ಞಾನವಿಲ್ಲದ ಮೆಚ್ಚುಗೆ ಮೆಚ್ಚುಗೆಯೇ ಅಲ್ಲ. ತಪ್ಪಿರುವುದು ಜೋಡಿ ಕಟ್ಟದೆ ತೀರ್ಪು ಕೊಡುವುದರಲ್ಲಿ.

ಈ ಮಾತನ್ನು ನಾನು ಮೈಸೂರಿನ ದಸರಾ ಕುಸ್ತಿಯಿಂದ ತೆಗೆದುಕೊಂಡಿದ್ದೇನೆ. ದೊಡ್ಡಕೆರೆ ಮೈದಾನದ ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ ನವರಾತ್ರಿಯ ಕಾಲಕ್ಕೆ ನಡೆಯುವ ನಾಡಕುಸ್ತಿಯನ್ನು ನೋಡಲು ಬರುವವರಲ್ಲಿ ಬಹುಮಂದಿ, ಅದಕ್ಕೆ ಮೊದಲು ನಡೆಯುವ ಜೋಡಿ ಕಟ್ಟುವ ಕಾರ್ಯವನ್ನು ಕಂಡವರಲ್ಲ. ಊರಿನ ಗರಡಿಗಳಿಂದಲೂ ಹೊರಗಿನ ಊರುಗಳಿಂದಲೂ ಪೈಲ್ವಾನರು ಬಂದು ಸೇರುತ್ತಾರೆ. ಅನುಭವಿಗಳಾದ ಹಿರಿಯ ಉಸ್ತಾದರು ಕುಳಿತು ಒಬ್ಬೊಬ್ಬನನ್ನೂ ಪರಿಶೀಲಿಸುತ್ತಾರೆ. ತೂಕವನ್ನು ನೋಡುವುದುಂಟು, ಆದರೆ ತಕ್ಕಡಿಯ ಮಾತೇ ಕಡೆಯ ಮಾತಲ್ಲ. ಕತ್ತಿನ ಕಸುವು, ಹೆಗಲಿನ ಹರವು, ತೊಡೆಯ ಬಿಗಿ, ವಯಸ್ಸು, ಯಾವ ಗರಡಿಯ ಮಟ್ಟಿಯಲ್ಲಿ ಸಾಮು ಮಾಡಿದವನೆಂಬುದು, ಹಿಂದೆ ಯಾರೊಡನೆ ಹಿಡಿದು ಚಿತ್ ಮಾಡಿದ ಅಥವಾ ಸಮ ಮಾಡಿಕೊಂಡನೆಂಬುದು, ಇವೆಲ್ಲವೂ ಅವರ ಕಣ್ಣಿಗೂ ನೆನಪಿಗೂ ಒಟ್ಟಾಗಿ ಬರಬೇಕು. ಇಬ್ಬರನ್ನು ಎದುರುಬದುರು ನಿಲ್ಲಿಸಿ ನೋಡಿ, ಒಬ್ಬನು ಕಿರಿಯನೆಂದು ತೋರಿದರೆ ಬೇರ್ಪಡಿಸಿ, ತಕ್ಕವನನ್ನು ಹುಡುಕಿ, ಇಬ್ಬರೂ ಒಪ್ಪಿ ಕೈ ಕೊಟ್ಟ ಮೇಲೆಯೇ ಜೋಡಿ ನಿಶ್ಚಯವಾಗುವುದು. ಅಖಾಡದಲ್ಲಿ ಯಾರು ಗೆದ್ದರೂ ಆ ಗೆಲುವಿಗೆ ಬೆಲೆ ಬರುವುದು ಈ ಮುನ್ನಿನ ವಿವೇಕದಿಂದ. ಬಿರುದುಗಳೂ ಒಂದಲ್ಲ: ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ, ದಸರಾ ಕಿಶೋರಿ ಎಂದು ಬೇರೆ ಬೇರೆಯಾಗಿವೆ. ಕುಮಾರನು ಕಂಠೀರವನಿಗಿಂತ ಎಷ್ಟು ಸ್ಥಾನ ಕೆಳಗಿದ್ದಾನೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಯಾವ ದೊರೆಯ ಹೆಸರನ್ನು ಕಂಠೀರವ ಬಿರುದು ಹೊತ್ತಿದೆಯೋ, 1638ರಿಂದ 1659ರವರೆಗೆ ಆಳಿದ ಆ ರಣಧೀರ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಗೆದ್ದರೆಂಬ ಐತಿಹ್ಯ ಸಹ, ಅವರು ಒಬ್ಬ ಎದುರಾಳಿಯನ್ನು ಗೆದ್ದದ್ದನ್ನು ಹೇಳುತ್ತದೆಯೇ ಹೊರತು ಎಲ್ಲ ಕಾಲದ ಎಲ್ಲ ಮಲ್ಲರನ್ನೂ ಮೀರಿದರೆಂದು ಹೇಳುವುದಿಲ್ಲ.

ಜೋಡಿ ತಪ್ಪಿದರೆ ಏನಾಗುವುದೆಂಬುದನ್ನು ತೋರಿಸಲು ನಮ್ಮ ನಾಡಿನದೇ ನಿದರ್ಶನವೊಂದಿದೆ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು, ಎಂದರೆ ಕೆಸರಿನ ಓಟದ ಹಾದಿಯನ್ನು, ಕೋಣಗಳೊಡನೆ 13.62 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡು ಎಂದು ಲೆಕ್ಕ ತೆಗೆದು, 2009ರಲ್ಲಿ ಬರ್ಲಿನ್ ನಗರದಲ್ಲಿ 9.58 ಸೆಕೆಂಡುಗಳ ದಾಖಲೆ ಮಾಡಿದ ಉಸೇನ್ ಬೋಲ್ಟ್ ಅವರನ್ನು ನಮ್ಮವರು ಮೀರಿಸಿದರೆಂದು ಸಾರಿದ ಒಡನೆಯೇ ದೇಶವೆಲ್ಲ ಆ ಮಾತನ್ನು ಹಿಡಿದುಕೊಂಡಿತು. ಕೇಂದ್ರದ ಕ್ರೀಡಾಮಂತ್ರಿಗಳು ಅವರನ್ನು ಓಟದ ಪರೀಕ್ಷೆಗೆ ಕರೆಸುವುದಾಗಿ ಹೇಳಿದರು. ಆ ಸಂಭ್ರಮದ ನಡುವೆ ವಿಮರ್ಶಕನ ಮಾತನಾಡಿದವರು ಸ್ವತಃ ಗೌಡರೇ. ವೇಗದ ಶ್ರೇಯಸ್ಸು ಕೋಣಗಳಿಗೂ ಸಲ್ಲಬೇಕು, ಕಂಬಳದಲ್ಲಿ ಊರುವುದು ಹಿಮ್ಮಡಿಯನ್ನು, ಟ್ರ್ಯಾಕಿನ ಓಟಕ್ಕೆ ಬೇಕಾದುದು ಮುಂಗಾಲು ಎಂದು ಹೇಳಿ, ಅವರು ಆ ಪರೀಕ್ಷೆಗೆ ಹೋಗಲಿಲ್ಲ. ನೀರು ತುಂಬಿದ ಕೆಸರಿನಲ್ಲಿ, ಒಂದು ಕೈ ಕೋಣಗಳನ್ನು ಹಿಡಿದಿರುವಾಗ, ಎರಡು ಮೃಗಗಳ ವೇಗಕ್ಕೆ ತನ್ನ ದೇಹದ ಸಮತೋಲವನ್ನು ಒಪ್ಪಿಸಿಯೂ ಅವುಗಳ ಯಜಮಾನನಾಗಿ ಉಳಿಯುವುದು ಒಂದು ಮಹಾವಿದ್ಯೆ. ಅದನ್ನು ಬೋಲ್ಟನ ಓಟದ ಕಳಪೆ ನಕಲೆಂದೋ ಅದರ ಮೇಲಿನ ಜಯವೆಂದೋ ಕಾಣುವುದು ಎರಡು ವಿದ್ಯೆಗಳಿಗೂ ಮಾಡಿದ ಅಪಚಾರ. ಕಂಬಳದವರೇ ಹಗ್ಗ, ನೇಗಿಲು, ಅಡ್ಡಹಲಗೆ, ಕೆನೆಹಲಗೆ ಎಂದು ವಿಭಾಗಿಸಿ, ಹಗ್ಗ ನೇಗಿಲುಗಳಲ್ಲಿ ಹಿರಿಯ ಕಿರಿಯ ಎಂದು ಮತ್ತೆ ಬೇರ್ಪಡಿಸುತ್ತಾರೆಂಬುದು ಆ ಲೆಕ್ಕ ಹಾಕಿದವರಿಗೆ ಹೊಳೆಯಲಿಲ್ಲ.

ಭಿನ್ನ ಕ್ರೀಡೆಗಳ ನಡುವೆ ನ್ಯಾಯವಾದ ಹೋಲಿಕೆ ಸಾಧ್ಯವೇ ಇಲ್ಲವೆಂದು ಹೇಳಲು ನಾನು ಹಿಂಜರಿಯುವುದು ಒಂದೇ ಒಂದು ಪ್ರಯತ್ನದ ಕಾರಣದಿಂದ. ಚಾರ್ಲ್ಸ್ ಡೇವಿಸ್ ಎಂಬ ಆಸ್ಟ್ರೇಲಿಯದ ಸಂಖ್ಯಾಶಾಸ್ತ್ರಜ್ಞರು, ಒಬ್ಬ ಆಟಗಾರನು ತನ್ನ ಆಟದ ಸಮಕಾಲೀನ ಮತ್ತು ಇತರ ಆಟಗಾರರ ಸಾಮಾನ್ಯ ಮಟ್ಟದಿಂದ ಎಷ್ಟು ದೂರ ಮೇಲೇರಿ ನಿಂತನೆಂಬುದನ್ನು ಗಣಿಸಿ, ಆ ದೂರಗಳನ್ನು ಮಾತ್ರ ಪರಸ್ಪರ ಹೋಲಿಸಿದರು. ಟೆಸ್ಟ್ ಕ್ರಿಕೆಟ್ಟಿನಲ್ಲಿ 99.94 ರನ್ನುಗಳ ಸರಾಸರಿಯುಳ್ಳ ಬ್ರಾಡ್ಮನ್ನರಿಗೆ ಆ ಗಣನೆಯಲ್ಲಿ 4.4 ಬಂತು, ಕಾಲ್ಚೆಂಡಿನ ಪೆಲೆಗೆ 3.7. ಈ ವಿಧಾನದಲ್ಲಿ ಜೋಡಿ ಕಟ್ಟುವವರ ನ್ಯಾಯಬುದ್ಧಿಯ ಅಂಶವೊಂದಿದೆ, ಏಕೆಂದರೆ ಪ್ರತಿಯೊಬ್ಬನನ್ನೂ ಮೊದಲು ಅವನ ಅಖಾಡದಲ್ಲಿಯೇ ನಿಲ್ಲಿಸುತ್ತದೆ. ಆದರೆ ಅಂಕಿಗಳಾಗಿ ಕರಗುವ ಆಟಗಳಿಗೆ ಮಾತ್ರ ಅದು ಸಲ್ಲುತ್ತದೆ. 1980ರ ಮಾರ್ಚಿನಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯದ ಅಂತಿಮ ಸುತ್ತಿನಲ್ಲಿ ಪ್ರಕಾಶ್ ಪಡುಕೋಣೆಯವರು ಮಾಡಿದ ಕೆಲಸವನ್ನು ಯಾವ ಸಂಖ್ಯೆ ಹಿಡಿದಿಡಬಲ್ಲುದು? ಎದುರಿಗಿದ್ದವರು 1978 ಮತ್ತು 1979ರಲ್ಲಿ ಅದೇ ಪ್ರಶಸ್ತಿ ಗೆದ್ದಿದ್ದ, ನೆಗೆದು ಹೊಡೆಯುವ ಸ್ಮ್ಯಾಷಿಗೆ ಹೆಸರಾದ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್. ಬಲಕ್ಕೆ ಬಲದಿಂದ ಉತ್ತರಿಸದೆ, ಆಟದ ಗತಿಯನ್ನೇ ತಮ್ಮ ವಶಕ್ಕೆ ತೆಗೆದುಕೊಂಡು, ಎದುರಾಳಿಗೆ ಪ್ರಿಯವಾದ ವೇಗವನ್ನು ಅವರಿಗೆ ಸಿಗದಂತೆ ಮಾಡಿ, 15-3, 15-10ರಲ್ಲಿ ಪ್ರಕಾಶರು ಗೆದ್ದರು. ತನ್ನ ಕಾಲದ ಅತ್ಯುತ್ತಮನೊಡನೆ, ಅವನು ಪೂರ್ಣಬಲದಲ್ಲಿದ್ದಾಗ, ಒಂದೇ ಅಂಗಳದಲ್ಲಿ ನಿಂತು ಪಡೆದ ಜಯವದು; ಉಸ್ತಾದರು ಕಟ್ಟಿದ್ದರೂ ಅದಕ್ಕಿಂತ ಸರಿಯಾದ ಜೋಡಿಯನ್ನು ಕಟ್ಟಲಾರರು. ಕನ್ನಡ ನಾಡಿನ ಕ್ರೀಡಾಪಟುವೊಬ್ಬರ ಒಂದೇ ದಿನದ ಸಾಧನೆಯನ್ನು ಆರಿಸೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಆರಿಸುವೆನು.

ಪಟ್ಟಿಗಳ ಇನ್ನೊಂದು ದೋಷವೆಂದರೆ ಅವು ತಮಗೆ ಕಾಣಿಸಿದವರನ್ನೇ ಎಣಿಸುವುದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೊಖೊ ವಿಶ್ವಕಪ್ಪಿನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದ ಭಾರತದ ವನಿತೆಯರ ತಂಡದಲ್ಲಿ, ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಬೆನ್ನಟ್ಟಿ ಬರುವವಳ ಭುಜದ ಓರೆಯಿಂದಲೇ ಅವಳು ತಿರುಗುವ ದಿಕ್ಕನ್ನು ಊಹಿಸಿ, ಕುಳಿತವರ ಸಾಲಿನ ನಡುವೆ ನುಸುಳಿ, ಕಂಬದ ಬಳಿ ಕೊನೆಯ ಕ್ಷಣದಲ್ಲಿ ಮೈ ತಿರುಚಿ ತಪ್ಪಿಸಿಕೊಳ್ಳುವ ಆ ಕೌಶಲಕ್ಕೆ ಲೋಕದ ಯಾವ ಶ್ರೇಷ್ಠರ ಪಟ್ಟಿಯಲ್ಲಿಯೂ ಈವರೆಗೆ ಕಾಲಮ್ಮಿಲ್ಲ. ಮೈಸೂರಿನಲ್ಲಿ ಹುಟ್ಟಿ, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಡಿಸ್ಕಸ್ ಎಸೆತದ ಚಿನ್ನ ಗೆದ್ದ ವಿಕಾಸ್ ಗೌಡರ ಹೆಸರು ಕೂಡ, ಮೀಟರುಗಳಲ್ಲಿ ಅಳೆದು ಹೇಳಬಹುದಾದ ಸಾಧನೆಯಿದ್ದರೂ, ಊರಿನವರ ಬಾಯಲ್ಲಿ ಅಪರೂಪ. ರಾಜ್ಯ ಸರ್ಕಾರವು ಏಕಲವ್ಯ ಪ್ರಶಸ್ತಿಯ ಜೊತೆಗೆ ಕುಸ್ತಿ, ಕಂಬಳ ಮೊದಲಾದ ನಾಡಿನ ಆಟಗಳಿಗೆ ಕರ್ನಾಟಕ ಕ್ರೀಡಾರತ್ನವೆಂಬ ಬೇರೊಂದು ಪ್ರಶಸ್ತಿಯನ್ನು ಇಟ್ಟಿರುವುದನ್ನು ಎರಡನೆಯ ಪಂಕ್ತಿಯ ಗೌರವವೆಂದು ತಿಳಿಯುವವರಿದ್ದಾರೆ. ಅದು ಹಾಗಲ್ಲ, ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬರನ್ನು ಮರೆಯುವುದಕ್ಕಿಂತ ಅದು ಮೇಲಾದ ಪದ್ಧತಿ.

ಮೈಸೂರು ನಗರದ ಮಟ್ಟಿಗೆ ನಾನು ಆರಿಸಬೇಕಾದವರು ಜಾವಗಲ್ ಶ್ರೀನಾಥ್. 1999ರ ಫೆಬ್ರವರಿಯಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಒಂಬತ್ತು ವಿಕೆಟ್ಟುಗಳು ಅನಿಲ್ ಕುಂಬ್ಳೆಯವರಿಗೇ ಬಿದ್ದು ಹತ್ತನೆಯದೊಂದು ಉಳಿದಿರುವಾಗ, ಇನ್ನೊಂದು ತುದಿಯಿಂದ ಬೌಲ್ ಮಾಡಬೇಕಾಗಿದ್ದ ಶ್ರೀನಾಥರು, ಆ ವಿಕೆಟ್ಟು ಅಕಸ್ಮಾತ್ತಾಗಿಯೂ ತಮಗೆ ಸಿಗದಂತೆ ಚೆಂಡುಗಳನ್ನು ಬ್ಯಾಟಿನಿಂದ ದೂರಕ್ಕೆ ಎಸೆದರು. 74 ರನ್ನಿಗೆ ಹತ್ತು ವಿಕೆಟ್ ಎಂಬ ಕುಂಬ್ಳೆಯವರ ದಾಖಲೆ ಎಲ್ಲ ಪಟ್ಟಿಗಳಲ್ಲಿಯೂ ಇದೆ. ಆ ಓವರು ಯಾವ ಪಟ್ಟಿಯಲ್ಲಿಯೂ ಇಲ್ಲ. ಅದೇ ತಿಂಗಳಲ್ಲಿ ಕಲ್ಕತ್ತೆಯ ಈಡನ್ ಉದ್ಯಾನದಲ್ಲಿ ಅವರು ಎರಡು ಇನಿಂಗ್ಸ್‌ಗಳಿಂದ 132 ರನ್ನಿಗೆ 13 ವಿಕೆಟ್ಟುಗಳನ್ನು ಪಡೆದರು, ಆದರೆ ಭಾರತ 46 ರನ್ನುಗಳಿಂದ ಸೋತಿತು. ಸೋತ ಪಂದ್ಯದ ಮಹಾಸಾಧನೆ ಬೇಗ ಮರೆತುಹೋಗುತ್ತದೆಂಬುದು ಮೈಸೂರಿಗೆ ಗೊತ್ತಿರುವ ಸತ್ಯ. 2010ರ ಜನವರಿಯಲ್ಲಿ ಇದೇ ಊರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ, ಮುಂಬಯಿಯ ವಿರುದ್ಧ ರಣಜಿ ಅಂತಿಮ ಪಂದ್ಯದಲ್ಲಿ, 338ರ ಗುರಿಯನ್ನು ಬೆನ್ನಟ್ಟಿ ಆರೇ ರನ್ನುಗಳಿಂದ ಸೋತ ಕರ್ನಾಟಕದ ಪರವಾಗಿ ಮನೀಷ್ ಪಾಂಡೆ ಹೊಡೆದ 144 ರನ್ನುಗಳನ್ನು ಈಗ ನೆನೆಯುವವರೆಷ್ಟು ಮಂದಿ?

ಶ್ರೀನಾಥರನ್ನು ಬ್ರಾಡ್ಮನ್ನರೊಡನೆಯೋ ಬೋಲ್ಟರೊಡನೆಯೋ ನಿಲ್ಲಿಸಿ ಅಳೆಯುವುದು ನಿರರ್ಥಕ. ಅವರ ಜೋಡಿ ಕಪಿಲ್ ದೇವ್. ಇಬ್ಬರೂ ವೇಗದ ಬೌಲರುಗಳು. ಸ್ಪಿನ್ನರುಗಳಿಗೆ ಒಲಿಯುವ, ಚೆಂಡು ಮೊಣಕಾಲಿನ ಮೇಲೇರದ ಅದೇ ತವರು ಪಿಚ್ಚುಗಳಲ್ಲಿ ಬೆವರು ಸುರಿಸಿದವರು. ಒಬ್ಬರ ವೃತ್ತಿಯ ಕೊನೆಗೆ ಇನ್ನೊಬ್ಬರ ಆರಂಭ ಹೊಂದಿಕೊಂಡಿತ್ತು. ಕಪಿಲರದು 131 ಟೆಸ್ಟುಗಳಲ್ಲಿ 434 ವಿಕೆಟ್, ಸರಾಸರಿ 29.64, ಶ್ರೀನಾಥರದು 67 ಟೆಸ್ಟುಗಳಲ್ಲಿ 236, ಸರಾಸರಿ 30.49. ಒಂದು ಟೆಸ್ಟಿಗೆ ಲೆಕ್ಕ ಹಾಕಿದರೆ ಕಪಿಲರಿಗೆ ಮೂರೂಕಾಲಿಗಿಂತ ತುಸು ಹೆಚ್ಚು, ಶ್ರೀನಾಥರಿಗೆ ಮೂರೂವರೆ. 1991ರಲ್ಲಿಯೇ ಆಸ್ಟ್ರೇಲಿಯದಲ್ಲಿ ಟೆಸ್ಟ್ ಪ್ರವೇಶ ಮಾಡಿದ್ದರೂ, ತವರಿನಲ್ಲಿ ಮೊದಲ ಟೆಸ್ಟ್ ಆಡಲು ಶ್ರೀನಾಥರು ಕಪಿಲರ ನಿವೃತ್ತಿಯಾಗುವ ತನಕ, 1994ರವರೆಗೆ, ಕಾಯಬೇಕಾಯಿತು. ವೇಗದ ಬೌಲರನೊಬ್ಬನ ದೇಹಕ್ಕೆ ಯೌವನದ ಆ ವರ್ಷಗಳು ಎಷ್ಟು ಅಮೂಲ್ಯವೆಂಬುದನ್ನು ಜೋಡಿ ನೋಡುವವನು ತೂಕಕ್ಕೆ ಹಾಕಿಕೊಳ್ಳಲೇಬೇಕು. ಐದು ಸಾವಿರಕ್ಕೂ ಮೀರಿದ ರನ್ನುಗಳನ್ನು ಬ್ಯಾಟಿನಿಂದ ಗಳಿಸಿದ ಕಪಿಲರು ಸಮಗ್ರ ಕ್ರಿಕೆಟಿಗರಾಗಿ ಮೇಲುಗೈ ಪಡೆಯುವರೆಂಬುದರಲ್ಲಿ ಸಂದೇಹವಿಲ್ಲ. ಚೆಂಡನ್ನು ಮಾತ್ರ ಕೈಗೆ ಕೊಟ್ಟು ಇಬ್ಬರನ್ನೂ ಎದುರುಬದುರು ನಿಲ್ಲಿಸಿದರೆ, ನನ್ನ ಎಣಿಕೆಯಲ್ಲಿ ಆ ಕುಸ್ತಿ ಸಮ.