ಕಲ್ಲಿನ ದೂಳು ಮತ್ತು ಸ್ಥಳೀಯ ಚರಿತ್ರೆ: ಕೊಳ್ಳೇಗಾಲ ಸೀಮೆಯ ಆಧಾರಗಳ ಒಂದು ವಿಮರ್ಶೆ

ಶರೀರವನ್ನು ರೋಗಾಣುಗಳಿಂದ ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಸ್ವಂತ ಅಂಗಾಂಶಗಳ ಮೇಲೆ ತಿರುಗಿ ಬಿದ್ದಾಗ ಹುಟ್ಟುವ ರೋಗಗಳನ್ನು ವೈದ್ಯರು ಸ್ವಯಂ ಪ್ರತಿರಕ್ಷಾ ರೋಗಗಳೆಂದು ಕರೆಯುತ್ತಾರೆ. ಕೀಲುಗಳನ್ನು ಕೆಡಿಸುವ ರುಮಟಾಯ್ಡ್ ಸಂಧಿವಾತ, ಚರ್ಮವನ್ನು ಗಡುಸಾಗಿಸುವ ಸ್ಕ್ಲೀರೋಡರ್ಮ, ಹಲವು ಅಂಗಗಳನ್ನು ಪೀಡಿಸುವ ಲೂಪಸ್ ಈ ವರ್ಗಕ್ಕೆ ಸೇರಿದವು. ವಂಶಗುಣದ ಜೊತೆಗೆ ದುಡಿಮೆಯಲ್ಲಿ ಒದಗುವ ವಸ್ತುಗಳೂ ಇವುಗಳಿಗೆ ಪ್ರಚೋದಕವಾಗಬಲ್ಲವು. ಇದರಲ್ಲಿ ಚರಿತ್ರೆಯ ಅಧ್ಯಾಪಕರಿಗೇನು ಕೆಲಸವೆಂದು ಕೇಳಬಹುದು. ರೋಗ ಇಂದು ಕಾಣಿಸಿಕೊಂಡರೂ ಅದರ ಪ್ರಚೋದಕವು ಅನೇಕ ವರ್ಷಗಳ ಹಿಂದಿನ ದುಡಿಮೆಯಲ್ಲಿರಬಹುದು. ಆ ದುಡಿಮೆಯ ವಿವರವನ್ನು ಒದಗಿಸಬೇಕಾದದ್ದು ಚರಿತ್ರೆಯೇ ಎಂಬುದು ನಮ್ಮ ಉತ್ತರ.

ಇದಕ್ಕೆ ಒಂದು ಹಳೆಯ ನಿದರ್ಶನವಿದೆ. ಎಡಿನ್‌ಬರೋ ನಗರದ ವೈದ್ಯ ಬೈರಮ್ ಬ್ರಾಮ್‌ವೆಲ್ 1914ರಲ್ಲಿ ತಾವು ಕಂಡ 9 ಮಂದಿ ಸ್ಕ್ಲೀರೋಡರ್ಮ ರೋಗಿಗಳಲ್ಲಿ 5 ಮಂದಿ ಕಲ್ಲುಕುಟಿಗರೆಂದು ಬರೆದಿಟ್ಟರು. ತಣ್ಣನೆಯ ಉಳಿಯನ್ನು ಸದಾ ಹಿಡಿದಿರುವುದೇ ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. ಊಹೆ ನಿಲ್ಲಲಿಲ್ಲ, ಆದರೆ ರೋಗಿಯ ಕಸುಬನ್ನು ಬರೆದಿಟ್ಟದ್ದು ನಿಂತಿತು. 1953ರಲ್ಲಿ ಕ್ಯಾಪ್ಲನ್ ಅವರು ವೇಲ್ಸ್ ನಾಡಿನ ಕಲ್ಲಿದ್ದಲ ಗಣಿಗಾರರಲ್ಲಿ ಸಂಧಿವಾತವಿದ್ದವರ ಶ್ವಾಸಕೋಶಗಳಲ್ಲಿ ವಿಶಿಷ್ಟವಾದ ಗಂಟುಗಳನ್ನು ಗುರುತಿಸಿದರು. 1957ರಲ್ಲಿ ಎರಾಸ್ಮಸ್ ಅವರು ದಕ್ಷಿಣ ಆಫ್ರಿಕದ ಚಿನ್ನದ ಗಣಿಗಾರರಲ್ಲಿ ಸ್ಕ್ಲೀರೋಡರ್ಮವನ್ನು ವರ್ಣಿಸಿದರು. ಬೆಣಚುಕಲ್ಲಿನಲ್ಲಿರುವ ಸಿಲಿಕದ ನವುರಾದ ದೂಳು ಇಂಥ ಹಲವು ರೋಗಗಳಿಗೆ ನೆರವಾಗುತ್ತದೆಂಬುದನ್ನು ಅಮೆರಿಕದ ತಜ್ಞರ ಮಂಡಲಿಯೊಂದು 2012ರಲ್ಲಿ ದೃಢವಾಗಿಯೇ ಒಪ್ಪಿಕೊಂಡಿತು. ಶ್ವಾಸಕೋಶದ ರಕ್ಷಕ ಕಣಗಳು ಈ ದೂಳನ್ನು ನುಂಗಿ ಅರಗಿಸಲಾರದೆ ಸಾಯುತ್ತವೆ. ಅದರಿಂದ ಎದ್ದ ಉರಿಯೂತ ಶಮನವಾಗದೆ ರಕ್ಷಣಾವ್ಯವಸ್ಥೆಯನ್ನು ಕೆರಳಿಸುತ್ತಲೇ ಇರುತ್ತದೆ.

ನಮ್ಮ ನಾಡಿನಲ್ಲಿ ಕಲ್ಲುದೂಳಿನ ಹಾನಿಯನ್ನು ಮೊದಲು ದಾಖಲೆಗೆ ತಂದದ್ದು ಕೋಲಾರದ ಚಿನ್ನದ ಗಣಿ. ಅಲ್ಲಿನ ಕಾರ್ಮಿಕರ ತಪಾಸಣೆಯಲ್ಲಿ ನೂರಕ್ಕೆ 43.7ರಷ್ಟು ಮಂದಿಗೆ ಸಿಲಿಕೋಸಿಸ್ ಇದ್ದುದಾಗಿ ವೈದ್ಯಕೀಯ ಗ್ರಂಥಗಳು ಹೇಳುತ್ತವೆ. ಸಿಲಿಕೋಸಿಸ್ ಶ್ವಾಸಕೋಶದ ರೋಗ. ಅದನ್ನೇ ಸ್ವಯಂ ಪ್ರತಿರಕ್ಷಾ ರೋಗವೆಂದು ಭಾವಿಸಬಾರದು. ಆದರೆ ಎರಡಕ್ಕೂ ದೂಳು ಒಂದೇ. ಕೋಲಾರದಲ್ಲಿ ಒಡೆಯನೊಬ್ಬನಿದ್ದ, ಹಾಜರಿ ಪುಸ್ತಕವಿತ್ತು, ಆಸ್ಪತ್ರೆಯಿತ್ತು. ಆದುದರಿಂದ ಲೆಕ್ಕವೂ ಉಳಿಯಿತು.

ಈಗ ಕೊಳ್ಳೇಗಾಲ ಸೀಮೆಯ ಆಧಾರಗಳನ್ನು ನೋಡೋಣ. 1800ರಲ್ಲಿ ಶಿವನಸಮುದ್ರ, ಹನೂರುಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಸ್ವತಃ ವೈದ್ಯ. ಆದರೂ ಆತನ ಮುಖ್ಯ ಲಕ್ಷ್ಯ ನೆಲ, ಬೆಳೆ, ಮಗ್ಗ, ಕಂದಾಯಗಳ ಕಡೆಗೆ. ಆತನಿಗೆ ಒಪ್ಪಿಸಿದ್ದ ಕೆಲಸವೇ ಅದು. ಮುಂದೆ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ನಿಕಲ್ಸನ್ ಅವರ ಕೊಯಮತ್ತೂರು ಜಿಲ್ಲಾ ಗ್ರಂಥ ನಮಗೆ ಪ್ರಮಾಣ. ಆ ಕಾಲದ ಜಿಲ್ಲಾ ಗ್ರಂಥಗಳಲ್ಲಿ ರೋಗವೆಂದರೆ ಜ್ವರ, ಸಿಡುಬು, ಕಾಲರಾಗಳೇ. ಕಸುಬಿನಿಂದ ಬರುವ ರೋಗಕ್ಕೆ ಅಂಕಣವಿರಲಿಲ್ಲ. 1956ರಲ್ಲಿ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯ ಭಾಗವಾಯಿತು. ಹೀಗೆ ಆಡಳಿತ ಕೈ ಬದಲಿಸಿದಂತೆ ಕಾಗದಪತ್ರಗಳೂ ಹಂಚಿಹೋದವು. ಇವುಗಳಲ್ಲಿ ಕಾಣದ ರೋಗ ಇರಲೇ ಇಲ್ಲವೆಂದು ತೀರ್ಮಾನಿಸುವುದು ಸಂಶೋಧನಾಕ್ರಮಕ್ಕೆ ವಿರುದ್ಧ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಕಲ್ಲುಗಣಿ ಇದ್ದಲ್ಲೆಲ್ಲ ಸಂಧಿವಾತಕ್ಕೆ ದೂಳೇ ಕಾರಣವೆಂದುಬಿಡುವುದು ಸಲ್ಲದು. ಚಾಮರಾಜನಗರ ಜಿಲ್ಲೆಯಿಂದ ಹೊರದೇಶಗಳಿಗೆ ಹೋಗುವ ಕರಿಕಲ್ಲಿಗೆ ವ್ಯಾಪಾರದಲ್ಲಿ ಗ್ರಾನೈಟ್ ಎಂಬ ಹೆಸರು. ಭೂವಿಜ್ಞಾನದ ಪ್ರಕಾರ ಅದು ಡಾಲರೈಟ್, ಅದರಲ್ಲಿ ಬೆಣಚಿನ ಅಂಶ ಅತ್ಯಲ್ಪ. ಅದನ್ನು ಸುತ್ತಿರುವ ನೈಸ್ ಶಿಲೆಯಲ್ಲಿಯೂ ಬಿಳಿಗಿರಿರಂಗನ ಬೆಟ್ಟದ ಚಾರ್ನೊಕೈಟ್ ಶಿಲೆಯಲ್ಲಿಯೂ ಬೆಣಚು ಉಂಟು. ಆದುದರಿಂದ ‘ಕಲ್ಲು ಕೆಲಸ’ ಎಂದಷ್ಟೇ ಬರೆದರೆ ಸಾಲದು. ಯಾವ ಕಲ್ಲು, ಒಣಗಿಯೋ ನೀರು ಹಾಯಿಸಿಯೋ ಕೊರೆದದ್ದು, ಎಷ್ಟು ವರ್ಷ ಎಂಬುದು ಬೇಕು. ಹೊಗೆಬತ್ತಿಯ ಅಭ್ಯಾಸವನ್ನೂ ಕೇಳಬೇಕು, ಏಕೆಂದರೆ ಅದೂ ಸಂಧಿವಾತದ ಪ್ರಚೋದಕ. ಹಾಗೆಯೇ ರೇಷ್ಮೆ ನೂಲು ಬಿಚ್ಚುವವರಿಗೆ ಗೂಡಿನ ಅಂಶಗಳಿಂದ ಬರುವ ಉಬ್ಬಸವು ಅಲರ್ಜಿ. ಅದನ್ನು ಈ ವರ್ಗಕ್ಕೆ ಸೇರಿಸಲಾಗದು.

2018ರ ಡಿಸೆಂಬರ್ 14ರಂದು ಹನೂರು ಸೀಮೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದದಿಂದ 17 ಮಂದಿ ಮಡಿದರು. ವಿಷವೂ ಸಾವೂ ಒಂದೇ ದಿನ ಕೂಡಿದ್ದರಿಂದ ಅದರ ತನಿಖೆಗೆ ಕೂಡಲೇ ಎಡೆಯಾಯಿತು. ಮೆಲ್ಲನೆ ಕೆಲಸಮಾಡುವ ದೂಳಿಗೆ ಇಂಥ ತನಿಖೆ ಒದಗುವುದಿಲ್ಲ. ಬೆರಳು ಮಡಿಸಲಾರದ ಮುದುಕನಿಗೆ ತನ್ನ ಯೌವನದ ಕಸುಬೇ ಕಾರಣವಿರಬಹುದೆಂಬ ಶಂಕೆಯೂ ಬಾರದೆ ಹೋಗಬಹುದು. ಬಂದರೂ ತೋರಿಸಲು ಕಾಗದವಿಲ್ಲ. ‘ಕೂಲಿ’ ಎಂಬ ಒಂದೇ ಮಾತಿನಲ್ಲಿ ಕಲ್ಲು ಕೊರೆದವನೂ ಕಬ್ಬು ಕಡಿದವನೂ ಒಂದಾಗಿಬಿಡುತ್ತಾರೆ. ಪರಿಹಾರದ ಪ್ರಶ್ನೆ ಬಂದಾಗ ಈ ಒಂದು ಮಾತಿನಿಂದಲೇ ಅವನು ಸೋಲುತ್ತಾನೆ.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸ್ಥಳೀಯ ಚರಿತ್ರೆಯನ್ನು ಸಂಗ್ರಹಿಸುವ ವಿದ್ಯಾರ್ಥಿಗಳು ಶಾಸನ, ಕೈಫಿಯತ್ತುಗಳೊಡನೆ ಗಣಿ ಗುತ್ತಿಗೆಯ ಕಾಗದಗಳನ್ನೂ ಹುಡುಕಬೇಕೆಂದು ನಾವು ಸೂಚಿಸುತ್ತೇವೆ. ಹಳೆಯ ಕಲ್ಲುಕೆಲಸದವರನ್ನು ಕಂಡು, ಅವರು ಎಲ್ಲೆಲ್ಲಿ, ಯಾವ ಕಲ್ಲಿನಲ್ಲಿ, ಎಷ್ಟು ಕಾಲ ದುಡಿದರೆಂಬುದನ್ನು ಅವರ ಬಾಯಿಂದಲೇ ಬರೆದುಕೊಳ್ಳಬೇಕು. ಅವರ ಹೆಸರನ್ನು ಗುಟ್ಟಾಗಿಡಬೇಕು. ರೋಗನಿರ್ಣಯ ವೈದ್ಯರಿಗೆ ಸೇರಿದ್ದು. ಬ್ರಾಮ್‌ವೆಲ್ಲರಂತೆ ಕಸುಬನ್ನು ತಪ್ಪಿಲ್ಲದೆ ಬರೆದಿಡುವುದು ನಮ್ಮಿಂದ ಆಗತಕ್ಕ ಕೆಲಸ. ಆ ತಲೆಮಾರಿನವರು ಇರುವಾಗಲೇ ಅದು ಆಗಬೇಕು.