ವಿದ್ಯುತ್ ಸೈಕಲ್: ಕರಪತ್ರದ ಲೆಕ್ಕ, ರಸ್ತೆಯ ಲೆಕ್ಕ

ಸಾರ್ವಜನಿಕರು ಹಂಚಿಕೊಂಡು ಬಳಸುವ ‘ಟ್ರಿಣ್ ಟ್ರಿಣ್’ ಬೈಸಿಕಲ್ ಯೋಜನೆ ಮೈಸೂರಿನಲ್ಲಿ ಆರಂಭವಾದದ್ದು 2017ರ ಜೂನ್ ತಿಂಗಳಲ್ಲಿ. ಈಗ ಊರಿನ ಅಂಗಡಿಗಳಲ್ಲಿ ಬ್ಯಾಟರಿ, ಮೋಟಾರು ಜೋಡಿಸಿದ ವಿದ್ಯುತ್ ಸೈಕಲ್ಲುಗಳೂ ಕಾಣುತ್ತವೆ. ಕುವೆಂಪುನಗರದ ನಮ್ಮ ಬೀದಿಯ ಪ್ರೌಢಶಾಲಾ ಶಿಕ್ಷಕರೊಬ್ಬರು, ಮಾನಸಗಂಗೋತ್ರಿಯಲ್ಲಿ ಓದುವ ಮಗಳಿಗೆ ಅಂಥದೊಂದನ್ನು ಕೊಡಿಸಲು ಹೊರಟರು. ಮೂರು ಕರಪತ್ರಗಳನ್ನು ನನ್ನ ಮುಂದಿಟ್ಟು, “ಇವುಗಳಲ್ಲಿ ಯಾವುದನ್ನು ನಂಬುವುದು ಸಾರ್?” ಎಂದು ಕೇಳಿದರು.

ಮೂರನ್ನೂ ಓದಿದೆ. ಒಂದು ಮಾತನ್ನು ಬಿಟ್ಟರೆ ಹಸಿ ಸುಳ್ಳು ಎಲ್ಲಿಯೂ ಇರಲಿಲ್ಲ. ಆದರೆ ಅಂಕಿಗಳ ಜೊತೆಗೆ ಇರಬೇಕಾದ ಷರತ್ತುಗಳೂ ಇರಲಿಲ್ಲ. ಯಾವ ಸ್ಥಿತಿಯಲ್ಲಿ ಅಳೆದದ್ದು ಎಂದು ಹೇಳದ ಅಂಕಿ ಜಾಹೀರಾತಾಗಬಹುದು, ಅಳತೆಯಾಗದು. ಈ ಕರಪತ್ರಗಳ ಮುಖ್ಯ ದೋಷ ಇದೇ.

ಶಕ್ತಿ ಬೇರೆ, ಸಾಮರ್ಥ್ಯ ಬೇರೆ

ಮೊದಲ ಗೊಂದಲ ‘ಪವರ್’ ಎಂಬ ಪದದ್ದು. ಮೋಟಾರಿನ 250 ವಾಟ್ ಎಂಬುದು ಸಾಮರ್ಥ್ಯ, ಅಂದರೆ ಒಂದು ಸೆಕೆಂಡಿನಲ್ಲಿ ನಡೆಯುವ ಕೆಲಸ. ಎಷ್ಟು ದೂರ ಹೋಗಬಹುದು ಎಂಬುದನ್ನು ನಿರ್ಧರಿಸುವುದು ಬ್ಯಾಟರಿಯಲ್ಲಿ ಸಂಗ್ರಹವಾಗಿರುವ ಶಕ್ತಿ. ಅದನ್ನು ಎರಡು ಕರಪತ್ರಗಳು ನೇರವಾಗಿ ಹೇಳಿರಲಿಲ್ಲ. ವೋಲ್ಟನ್ನು ಆಂಪೇರ್-ಗಂಟೆಯಿಂದ ಗುಣಿಸಿದರೆ ಸಾಕು, ಅದು ಸಿಗುತ್ತದೆ: 36 ವೋಲ್ಟ್ × 7.5 ಆಂಪೇರ್-ಗಂಟೆ = 270 ವಾಟ್-ಗಂಟೆ. ಅಂದರೆ ಕಾಲು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಕೊಳ್ಳುವವರು ಮೊದಲು ಕೇಳಬೇಕಾದ ಸಂಖ್ಯೆ ಇದು.

60 ಕಿ.ಮೀ. ಯಾರ ಬಲದಿಂದ?

ಒಂದು ಕರಪತ್ರ ಇದೇ ಬ್ಯಾಟರಿಗೆ 60 ಕಿ.ಮೀ. ಎನ್ನುತ್ತದೆ. ಪೆಡಲ್ ತುಳಿಯದೆ, ಸಮತಟ್ಟಾದ ರಸ್ತೆಯಲ್ಲಿ, ಗಂಟೆಗೆ 20ರಿಂದ 25 ಕಿ.ಮೀ. ವೇಗದಲ್ಲಿ ಸಾಗಲು ಪ್ರತಿ ಕಿ.ಮೀ.ಗೆ ಸುಮಾರು 7ರಿಂದ 9 ವಾಟ್-ಗಂಟೆ ಬೇಕು. ನಿಂತು ಹೊರಡುವುದು, ಉಬ್ಬು, ಏರು ಸೇರಿದರೆ 10 ಎಂದು ಹಿಡಿಯುವುದು ಕ್ಷೇಮ. ಆಗ 270ನ್ನು 10ರಿಂದ ಭಾಗಿಸಿದರೆ 27 ಕಿ.ಮೀ. ಮಾತ್ರ! ಉಳಿದ 33 ಕಿ.ಮೀ. ಬರುವುದು ಸವಾರರ ಕಾಲುಗಳಿಂದ. ಇದು ತಪ್ಪಲ್ಲ, ಸೈಕಲ್ಲೆಂದ ಮೇಲೆ ತುಳಿಯಲೇಬೇಕು. ಆದರೆ ಅದನ್ನು ಬ್ಯಾಟರಿಯ ಖಾತೆಗೆ ಜಮಾ ಮಾಡಬಾರದು.

ವೇಗದ ಪ್ರಭಾವವನ್ನೂ ಕರಪತ್ರಗಳು ಮುಚ್ಚಿಡುತ್ತವೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. 15ರ ಬದಲು 25 ಕಿ.ಮೀ. ವೇಗದಲ್ಲಿ ಹೋದರೆ ಆ ತಡೆ ಸುಮಾರು 2.8 ಪಟ್ಟಾಗುತ್ತದೆ.

ಆ ಒಂದು ಹಸಿ ಸುಳ್ಳು ಯಾವುದು? “ತುಳಿಯುತ್ತಿದ್ದರೆ ಬ್ಯಾಟರಿ ತಾನೇ ತುಂಬುತ್ತದೆ” ಎಂಬುದು. ಸಾಮಾನ್ಯ ಸವಾರರು ನಿರಂತರವಾಗಿ ನೀಡಬಲ್ಲದ್ದು 75 ವಾಟ್‌ನಷ್ಟು. ಸೈಕಲ್ಲನ್ನು ನಿಲ್ಲಿಸಿಕೊಂಡು, ಯಾವ ನಷ್ಟವೂ ಇಲ್ಲದೆ ತುಳಿದರೂ 270 ವಾಟ್-ಗಂಟೆ ತುಂಬಲು ಮೂರೂವರೆ ಗಂಟೆ ಮೀರುತ್ತದೆ. ಸಾಗುತ್ತಲೇ ತುಂಬುವುದಾದರೆ ಆ ಶಕ್ತಿಯನ್ನೂ ಅದೇ ಕಾಲುಗಳೇ ಕೊಡಬೇಕು.

ಬೆಟ್ಟದ ಪರೀಕ್ಷೆ

“ಚಾಮುಂಡಿ ಬೆಟ್ಟವನ್ನೂ ಸಲೀಸಾಗಿ ಏರುತ್ತದೆ” ಎಂದರಂತೆ ಅಂಗಡಿಯವರು. ಬೆಟ್ಟ ನಗರದ ಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ. ಸವಾರ, ಸೈಕಲ್, ಚೀಲ ಸೇರಿ 100 ಕಿ.ಗ್ರಾಂ. ಎಂದುಕೊಂಡರೆ ಬೇಕಾಗುವ ವಿಭವಶಕ್ತಿ 100 × 9.8 × 300 = 2,94,000 ಜೌಲ್, ಅಂದರೆ ಸುಮಾರು 82 ವಾಟ್-ಗಂಟೆ. ಮೋಟಾರಿನ ದಕ್ಷತೆ ಶೇ. 75 ಆದರೆ ಬ್ಯಾಟರಿಯಿಂದ 109 ವಾಟ್-ಗಂಟೆ ಖರ್ಚು. ಘರ್ಷಣೆಯನ್ನು ಸೇರಿಸುವ ಮೊದಲೇ ಶೇ. 40ರಷ್ಟು ಬ್ಯಾಟರಿ ಬರಿದು. 250 ವಾಟ್‌ನ ಮೋಟಾರು ಒಂದೇ ದುಡಿದರೆ ಇಪ್ಪತ್ತು ನಿಮಿಷವಾದರೂ ಬೇಕು. ಏರುವುದು ಸಾಧ್ಯ, ‘ಸಲೀಸಾಗಿ’ ಎಂಬ ಮಾತು ಮಾತ್ರ ಸಲ್ಲದು.

ಎಂಟು ಪೈಸೆಯ ಹಿಂದಿನ ರೂಪಾಯಿ

“ಕಿಲೋಮೀಟರಿಗೆ ಹತ್ತು ಪೈಸೆಗಿಂತ ಕಡಿಮೆ!” ಇದು ನಿಜ. ಚಾರ್ಜರಿನ ನಷ್ಟ ಸೇರಿ 0.3 ಯೂನಿಟ್, ಯೂನಿಟ್ಟಿಗೆ 7 ರೂ. ಎಂದಿಟ್ಟುಕೊಂಡರೆ 2 ರೂ. 10 ಪೈಸೆ. 25 ಕಿ.ಮೀ.ಗೆ ಹಂಚಿದರೆ ಎಂಟು ಪೈಸೆ ಚಿಲ್ಲರೆ. ಆದರೆ ಬ್ಯಾಟರಿಯೂ ಸವೆಯುತ್ತದೆ. ಉದಾಹರಣೆಗೆ, ಹೊಸ ಬ್ಯಾಟರಿಗೆ 12,000 ರೂ. ಆಗಿ, ಅದು 500 ಸಲ ಪೂರ್ತಿ ತುಂಬಿ ಬರಿದಾಗುವವರೆಗೆ ಬಾಳಿದರೆ ಒಟ್ಟು ದೂರ 12,500 ಕಿ.ಮೀ. ಸವೆತದ ಖರ್ಚು ಕಿ.ಮೀ.ಗೆ ಹತ್ತಿರ ಹತ್ತಿರ ಒಂದು ರೂಪಾಯಿ. ವಿದ್ಯುತ್ ಖರ್ಚಿನ ಹತ್ತು ಪಟ್ಟಿಗೂ ಹೆಚ್ಚು. ಹೊಸ ಬ್ಯಾಟರಿಯ ಬೆಲೆಯನ್ನು ಮೂರರಲ್ಲಿ ಒಂದು ಕರಪತ್ರವೂ ಮುದ್ರಿಸಿರಲಿಲ್ಲ. ಸಂಬಳದಲ್ಲಿ ಉಳಿಸಿ ಕೊಳ್ಳುವವರಿಗೆ ಇದು ಸಣ್ಣ ಮರೆವಲ್ಲ.

ಕಾನೂನಿನ ಗೆರೆ

“ವೇಗದ ಮಿತಿ ಬೇಕಾದರೆ ತೆಗೆದುಕೊಡುತ್ತೇವೆ” ಎಂದೂ ಅಂಗಡಿಯಲ್ಲಿ ಹೇಳಿದರಂತೆ. ಇದು ಅಪಾಯದ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಪೆಡಲ್‌ಗೆ ನೆರವಾಗುವ ಮೋಟಾರಿನ ಮೂವತ್ತು ನಿಮಿಷದ ಸಾಮರ್ಥ್ಯ 0.25 ಕಿಲೋವಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿ.ಮೀ. ತಲಪಿದಾಗ, ಅಥವಾ ಅದಕ್ಕೂ ಮೊದಲೇ ತುಳಿಯುವುದನ್ನು ನಿಲ್ಲಿಸಿದಾಗ, ಮೋಟಾರಿನ ನೆರವು ನಿಲ್ಲಬೇಕು. ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಅನುಮೋದನೆಯೂ ಇರಬೇಕು. ಈ ಗೆರೆ ದಾಟಿದರೆ ಅದು ಮೋಟಾರು ವಾಹನ: ನೋಂದಣಿ, ಚಾಲನಾ ಪರವಾನಗಿ, ವಿಮೆ ಎಲ್ಲವೂ ಬೇಕು. ಅಪಘಾತವಾದರೆ ಕಷ್ಟಕ್ಕೆ ಸಿಲುಕುವುದು ಅಂಗಡಿಯವರಲ್ಲ, ಓಡಿಸಿದ ಹುಡುಗಿ. ಸೈಕಲ್ಲಿನ ಬ್ರೇಕು, ಚೌಕಟ್ಟುಗಳೂ ಆ ಹೆಚ್ಚಿನ ವೇಗಕ್ಕೆಂದು ಮಾಡಿದವಲ್ಲ.

ಹಾಗಾದರೆ ಕೊಳ್ಳಬಾರದೆ? ಖಂಡಿತ ಕೊಳ್ಳಬಹುದು. ಮೇಷ್ಟ್ರ ಮಗಳು ದಿನಕ್ಕೆ ಹೋಗಿಬರುವ ದಾರಿ ಹತ್ತು ಕಿ.ಮೀ. ದಾಟದು. ಅದಕ್ಕೆ 270 ವಾಟ್-ಗಂಟೆ ಧಾರಾಳ, 60 ಕಿ.ಮೀ.ಯ ಉತ್ಪ್ರೇಕ್ಷೆಯ ಅಗತ್ಯವೇ ಇರಲಿಲ್ಲ. ಅವರು ಕೇಳಬೇಕಾದ ಪ್ರಶ್ನೆಗಳು ಬೇರೆ: ಹೊಸ ಬ್ಯಾಟರಿಯ ಬೆಲೆಯೆಷ್ಟು, ಖಾತರಿ ಎಷ್ಟು ವರ್ಷ? ಮಳೆಯಲ್ಲಿ ನೆನೆದರೆ ತಡೆದೀತೆ? ಬ್ಯಾಟರಿ ಮುಗಿದಾಗ ತುಳಿಯಲು ಎಷ್ಟು ಭಾರ? ರಿಪೇರಿ ಊರಿನಲ್ಲೇ ಆಗುತ್ತದೆಯೆ?

ಶಿಕ್ಷಕರಲ್ಲಿ ಒಂದು ಸಲಹೆ. ‘ಕೆಲಸ ಮತ್ತು ಶಕ್ತಿ’ ಪಾಠ ಮಾಡುವಾಗ ಇಂಥ ಕರಪತ್ರವೊಂದನ್ನು ತರಗತಿಗೆ ಒಯ್ಯಿರಿ. ಪ್ರತಿ ಅಂಕಿಯ ಎದುರಿಗೂ ಅದರ ಏಕಮಾನ ಮತ್ತು ಷರತ್ತನ್ನು ವಿದ್ಯಾರ್ಥಿಗಳೇ ಬರೆಯಲಿ. ಬರೆಯಲಾಗದೆ ಖಾಲಿ ಉಳಿಯುವ ಜಾಗಗಳೇ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು.